ಎರಡನೇ ಪುಸ್ತಕವನ್ನು ತೆರೆಯದೆ ವೈದ್ಯರಾಗಬಹುದೇ?

ದ್ವಿತೀಯ ಪಿಯುಸಿ ಪರೀಕ್ಷೆಗಳು ಮುಗಿದು ನೀಟ್ ಪರೀಕ್ಷೆ ಎದುರಾಗುವ ನಡುವಿನ ವಾರಗಳು ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ನೆಮ್ಮದಿಯ ದಿನಗಳಲ್ಲ. ಆ ದಿನಗಳಲ್ಲಿ ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಜೀವಶಾಸ್ತ್ರ ಒಂದು ಹಂತಕ್ಕೆ ಬಂದಿದೆ, ಭೌತಶಾಸ್ತ್ರದಲ್ಲಿ ಹೇಗೋ ದಡ ಸೇರಬಹುದು, ಆದರೆ ಸಾವಯವ ರಸಾಯನಶಾಸ್ತ್ರ, ಅಂದರೆ ಮಕ್ಕಳು ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂದು ಕರೆಯುವ ಭಾಗ, ಇನ್ನೂ ಮುಗಿದಿಲ್ಲ. ಅದನ್ನು ಮುಗಿಸಬೇಕೇ ಅಥವಾ ಕೈಬಿಡಬೇಕೇ?

ಇದೊಂದು ಪಾಠದ ಪ್ರಶ್ನೆ, ಉಪನ್ಯಾಸಕರು ಉತ್ತರಿಸಿಕೊಳ್ಳಲಿ, ಪತ್ರಿಕೆಗೆ ಇದರಲ್ಲೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿರುವವರು ಯಾರು ಎಂಬುದನ್ನು ಗಮನಿಸಿದರೆ ಇದು ಪತ್ರಿಕೆಯ ಪ್ರಶ್ನೆಯೂ ಹೌದು ಎಂಬುದು ಮನವರಿಕೆಯಾಗುತ್ತದೆ. ಹಿಂದಿನ ವರ್ಷ ಪರೀಕ್ಷೆ ಬರೆದ ನೆರೆಮನೆಯ ಹುಡುಗ ಉತ್ತರ ಕೊಡುತ್ತಾನೆ. ನಲವತ್ತು ದಿನಗಳ ಕ್ರ್ಯಾಶ್ ಕೋರ್ಸ್ ಮಾರುವ ಸಂಸ್ಥೆಯ ಕರಪತ್ರ ಉತ್ತರ ಕೊಡುತ್ತದೆ. 'ಖಚಿತವಾಗಿ ಬರುವ' ಪ್ರಶ್ನೆಗಳ ಪಟ್ಟಿ ಹಿಡಿದ ವಾಟ್ಸ್ಆ್ಯಪ್ ಸಂದೇಶ ಉತ್ತರ ಕೊಡುತ್ತದೆ. ಎಲ್ಲರ ಉತ್ತರವೂ ಹೆಚ್ಚು ಕಡಿಮೆ ಒಂದೇ: ಅದು ಕಷ್ಟ, ಬಿಟ್ಟುಬಿಡು, ಬಯಾಲಜಿಯನ್ನು ಗಟ್ಟಿ ಮಾಡು, ಸಾಕು. ಈ 'ಸಾಕು' ಎಂಬ ಮಾತನ್ನು ಪರೀಕ್ಷಿಸುವ ಅಗತ್ಯವಿದೆ.

ಮೊದಲು ಲೆಕ್ಕವನ್ನೇ ನೋಡೋಣ. ನೀಟ್ ಪರೀಕ್ಷೆಯ ಒಟ್ಟು ಅಂಕ 720. ಅದರಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ರಸಾಯನಶಾಸ್ತ್ರದಲ್ಲಿ 45 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಿಗೆ 1 ಅಂಕ ಕಡಿತವಾಗುತ್ತದೆ. ಈ 45ರಲ್ಲಿ ಸುಮಾರು ಮೂರನೇ ಒಂದು ಭಾಗ ಸಾವಯವ ರಸಾಯನಶಾಸ್ತ್ರದಿಂದ ಬರುವುದು ವಾಡಿಕೆ. ಅಂದರೆ ಹತ್ತಿರ ಹತ್ತಿರ 15 ಪ್ರಶ್ನೆ, 60 ಅಂಕ. ಆ ಭಾಗವನ್ನು ಓದದೆ ಕಣ್ಣುಮುಚ್ಚಿ ಗುರುತು ಹಾಕಿದರೆ ಎಷ್ಟು ಸಿಗಬಹುದು? ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ, ಮೂರು ತಪ್ಪು. 15 ಪ್ರಶ್ನೆಗಳಿಗೆ ಹೀಗೆ ಗುರುತು ಹಾಕಿದರೆ ಕಡಿತ ಕಳೆದು ಸರಾಸರಿ 4 ಅಂಕವೂ ದಕ್ಕುವುದಿಲ್ಲ. ಸಾಧಾರಣವಾಗಿ ಓದಿದ ವಿದ್ಯಾರ್ಥಿ ಅದೇ 15ರಲ್ಲಿ 12ಕ್ಕೆ ಉತ್ತರಿಸಿ, 9 ಸರಿ, 3 ತಪ್ಪು ಮಾಡಿದರೂ 33 ಅಂಕ ಪಡೆಯುತ್ತಾನೆ.

ಮೂವತ್ತು ಅಂಕ ದೊಡ್ಡದೇ ಎಂದು ಕೇಳುವವರಿದ್ದಾರೆ. 2025ರಲ್ಲಿ ಸುಮಾರು 22 ಲಕ್ಷ ವಿದ್ಯಾರ್ಥಿಗಳು ನೀಟ್ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರೆನಿಸಿಕೊಂಡರು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟುಗಳಿರುವುದು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅದರಲ್ಲೂ ಸರಕಾರಿ ಶುಲ್ಕದಲ್ಲಿ ಸಿಗುವವು ಇನ್ನೂ ಕಡಿಮೆ. ಆದ್ದರಿಂದ 'ನೀಟ್ ಪಾಸಾಯಿತು' ಎಂಬ ಮಾತಿಗೂ 'ಸೀಟು ಸಿಕ್ಕಿತು' ಎಂಬ ಮಾತಿಗೂ ನಡುವೆ ಬಹಳ ದೊಡ್ಡ ಕಂದಕವಿದೆ. ಆ ಕಂದಕದ ಮೇಲೆ ಮೂವತ್ತು ಅಂಕಗಳ ಅಂತರವೆಂದರೆ ಸಾವಿರಾರು ರ‍್ಯಾಂಕುಗಳ ಅಂತರ. ಹಣವುಳ್ಳ ಮನೆಗೆ ಆ ರ‍್ಯಾಂಕುಗಳು ಅಷ್ಟು ದೊಡ್ಡ ಸಂಗತಿಯಲ್ಲ. ಆಡಳಿತ ಮಂಡಳಿಯ ಸೀಟೊಂದನ್ನು ಅವರು ಕೊಂಡುಕೊಳ್ಳಬಲ್ಲರು. ಸಣ್ಣ ಅಂಗಡಿಯ ಆದಾಯದಲ್ಲಿ, ಗಲ್ಫ್‌ನಿಂದ ಬರುವ ಸಂಬಳದಲ್ಲಿ, ಆಟೋ ಅಥವಾ ಗ್ಯಾರೇಜಿನ ದುಡಿಮೆಯಲ್ಲಿ ಮಕ್ಕಳನ್ನು ಓದಿಸುವ ಮನೆಗೆ ಸರಕಾರಿ ಕೋಟಾದ ಸೀಟೊಂದೇ ಬಾಗಿಲು. ಬಿಟ್ಟುಬಿಡು ಎಂಬ ಸಲಹೆ ಎಲ್ಲರಿಗೂ ಒಂದೇ ಆಗಿದ್ದರೂ ಅದಕ್ಕೆ ಎಲ್ಲರೂ ತೆರುವ ಬೆಲೆ ಒಂದೇ ಅಲ್ಲ.

ಇನ್ನು ಬಿಡುವುದೆಂದರೆ ಏನನ್ನು ಬಿಡುವುದು? ಕರ್ನಾಟಕದ ಪದವಿಪೂರ್ವ ಕಾಲೇಜುಗಳ ವಿಜ್ಞಾನ ವಿಭಾಗದಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಬಳಕೆಯಲ್ಲಿದೆ. ಪಠ್ಯವನ್ನು ಕಡಿತಗೊಳಿಸಿದ ನಂತರ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದಲ್ಲಿ 9 ಅಧ್ಯಾಯಗಳೂ ಹನ್ನೆರಡನೆಯ ತರಗತಿಯಲ್ಲಿ 10 ಅಧ್ಯಾಯಗಳೂ ಉಳಿದಿವೆ. ಈ ಹತ್ತೊಂಬತ್ತರಲ್ಲಿ ಏಳು ಅಧ್ಯಾಯಗಳು ಸಾವಯವ ರಸಾಯನಶಾಸ್ತ್ರಕ್ಕೆ ಸೇರಿದವು. ಮೂಲತತ್ವಗಳು ಮತ್ತು ಹೈಡ್ರೋಕಾರ್ಬನ್‌ಗಳು ಹನ್ನೊಂದರಲ್ಲಿ. ಹ್ಯಾಲೋಆಲ್ಕೇನ್‌ಗಳು, ಆಲ್ಕೋಹಾಲ್-ಫೀನಾಲ್-ಈಥರ್‌ಗಳು, ಆಲ್ಡಿಹೈಡ್-ಕೀಟೋನ್-ಕಾರ್ಬಾಕ್ಸಿಲಿಕ್ ಆಮ್ಲಗಳು, ಅಮೈನ್‌ಗಳು ಮತ್ತು ಜೈವಿಕ ಅಣುಗಳು ಹನ್ನೆರಡರಲ್ಲಿ. ಹನ್ನೆರಡನೆಯ ತರಗತಿಯ ಪಠ್ಯ ಎರಡು ಪುಸ್ತಕಗಳಾಗಿ ಬರುತ್ತದೆ. ಅದರ ಎರಡನೇ ಪುಸ್ತಕದ ಐದೂ ಅಧ್ಯಾಯಗಳು ಇವೇ. ಸಾವಯವವನ್ನು ಬಿಡುವುದೆಂದರೆ ಒಂದಿಡೀ ಪಠ್ಯಪುಸ್ತಕವನ್ನು ತೆರೆಯದೆ ಪರೀಕ್ಷಾ ಕೊಠಡಿಗೆ ಹೋಗುವುದು.

2021ರಿಂದ 2024ರ ವರೆಗೆ ನೀಟ್ ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆಗೆ ಅವಕಾಶವಿತ್ತು. ಪ್ರತಿ ವಿಭಾಗದ ಕೊನೆಯಲ್ಲಿ 15 ಪ್ರಶ್ನೆಗಳನ್ನು ಕೊಟ್ಟು ಯಾವುದಾದರೂ 10ಕ್ಕೆ ಉತ್ತರಿಸಿ ಎನ್ನಲಾಗುತ್ತಿತ್ತು. ತಿಳಿಯದ ಭಾಗವನ್ನು ಒಂದಿಷ್ಟು ಮರೆಮಾಚಲು ಇದರಿಂದ ಸಾಧ್ಯವಾಗುತ್ತಿತ್ತು. 2025ರಲ್ಲಿ ಆ ಅವಕಾಶವನ್ನು ತೆಗೆದುಹಾಕಲಾಯಿತು. 180 ನಿಮಿಷ, 180 ಪ್ರಶ್ನೆ, ಎಲ್ಲವೂ ಕಡ್ಡಾಯ ಎಂಬ ಹಳೆಯ ಕ್ರಮವೇ ಮರಳಿತು. ಆಯ್ಕೆಯಿದ್ದ ವರ್ಷಗಳಲ್ಲಿ ಪರೀಕ್ಷೆ ಬರೆದವರ ಸಲಹೆಯನ್ನು ಅನುಸರಿಸುವ ಮುನ್ನ ನಮ್ಮ ಮಕ್ಕಳು ಈ ವ್ಯತ್ಯಾಸವನ್ನು ಅರಿತಿರಬೇಕು.

ಇಷ್ಟಕ್ಕೂ ಈ ಭಾಗವನ್ನು ಬಿಟ್ಟವನು ಬಿಟ್ಟದ್ದು ನೀಟ್‌ನ 60 ಅಂಕಗಳನ್ನು ಮಾತ್ರವಲ್ಲ. ಜೀವಶಾಸ್ತ್ರ ಪಠ್ಯದಲ್ಲೂ ಜೈವಿಕ ಅಣುಗಳ ಅಧ್ಯಾಯವೊಂದಿದೆ. ಅಮೈನೋ ಆಮ್ಲವೆಂದರೇನೆಂದು ರಸಾಯನಶಾಸ್ತ್ರದಲ್ಲಿ ತಿಳಿಯದವನು ಅಲ್ಲಿಯೂ ಬಾಯಿಪಾಠಕ್ಕೇ ಶರಣಾಗಬೇಕು. ಪಿಯುಸಿ ಪರೀಕ್ಷೆಯಲ್ಲೂ ಈ ಅಧ್ಯಾಯಗಳಿಗೆ ಗಣನೀಯ ಅಂಕಗಳಿವೆ. ವೈದ್ಯಕೀಯ ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿ ವರ್ಗಗಳಿಗೆ ಶೇ. 40 ಅಂಕ ಇರಲೇಬೇಕೆಂಬ ನಿಯಮವನ್ನು ಮರೆಯುವಂತಿಲ್ಲ. ಅದಕ್ಕಿಂತ ಮುಖ್ಯವಾದುದು ಕೆಸಿಇಟಿ. ಅಲ್ಲಿ ರಸಾಯನಶಾಸ್ತ್ರಕ್ಕೆ 60 ಪ್ರಶ್ನೆಗಳಿವೆ, ತಪ್ಪಿಗೆ ಅಂಕ ಕಡಿತವಿಲ್ಲ. ಬಿ.ಫಾರ್ಮ, ಕೃಷಿ ವಿಜ್ಞಾನ, ಪಶುವೈದ್ಯಕೀಯದಂತಹ ಬಾಗಿಲುಗಳು ಆ ಮೂಲಕವೇ ತೆರೆದುಕೊಳ್ಳುತ್ತವೆ. ನೀಟ್ ಬರೆದವರಲ್ಲಿ ಬಹುಪಾಲು ಮಕ್ಕಳಿಗೆ ಎಂಬಿಬಿಎಸ್ ಸೀಟು ಸಿಗುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದಲೇ ಸ್ಪಷ್ಟ. ಆ ಮಕ್ಕಳು ಮುಂದೆ ಎಲ್ಲಿಗೆ ಹೋಗಬೇಕು? ಔಷಧ ವಿಜ್ಞಾನಕ್ಕೆ ಹೋಗುವುದಾದರೆ ಅಲ್ಲಿ ಮೊದಲ ವರ್ಷದಲ್ಲೇ ಸಾವಯವ ರಸಾಯನ ಎದುರುಗೊಳ್ಳುತ್ತದೆ. ಒಂದು ಬಾಗಿಲಿಗಾಗಿ ಓದುವಾಗ ಉಳಿದ ನಾಲ್ಕು ಬಾಗಿಲುಗಳಿಗೆ ಬೀಗ ಹಾಕಿಕೊಳ್ಳುವುದು ಜಾಣತನವಲ್ಲ.

ಈಗ ಅಂಕಗಳ ಮಾತನ್ನು ಬದಿಗಿಡೋಣ. ವೈದ್ಯನಾಗಲು ಹೊರಟವನಿಗೆ ಈ ಏಳು ಅಧ್ಯಾಯಗಳು ನಿಜವಾಗಿಯೂ ಬೇಕೇ? ರೋಗಿಯ ನಾಡಿ ಹಿಡಿಯುವವನಿಗೆ ಬೆಂಜೀನ್ ಉಂಗುರ ಯಾಕೆ ಎಂದು ಕೇಳುವ ಹೆತ್ತವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ಉತ್ತರಿಸಬೇಕು.

ಸಕ್ಕರೆ ಕಾಯಿಲೆಯಿರುವವರ ಮನೆಗಳಲ್ಲಿ ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಹೆಸರು ಈಗ ಪರಿಚಿತ. ಕಳೆದ ಎರಡು-ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂಬುದನ್ನು ಅದು ತಿಳಿಸುತ್ತದೆ. ಅದು ಹೇಗೆ ಸಾಧ್ಯ? ಗ್ಲೂಕೋಸ್ ಅಣುವಿನಲ್ಲಿ ಆಲ್ಡಿಹೈಡ್ ಗುಂಪಿದೆ. ರಕ್ತದ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಒಂದು ಪ್ರೋಟೀನ್. ಅದರಲ್ಲಿ ಅಮೈನೋ ಗುಂಪುಗಳಿವೆ. ಆಲ್ಡಿಹೈಡ್ ಮತ್ತು ಅಮೈನ್ ಒಂದಕ್ಕೊಂದು ಸಿಕ್ಕಾಗ ಕೂಡಿಕೊಳ್ಳುತ್ತವೆ. ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುತ್ತದೆ. ಕೆಂಪು ಕಣ ಸುಮಾರು 120 ದಿನ ಬದುಕುವುದರಿಂದ ಆ ಗುರುತು ಅಷ್ಟು ಕಾಲ ಉಳಿಯುತ್ತದೆ. ಆಲ್ಡಿಹೈಡ್‌ನ ಅಧ್ಯಾಯ, ಅಮೈನ್‌ನ ಅಧ್ಯಾಯ, ಜೈವಿಕ ಅಣುಗಳ ಅಧ್ಯಾಯ, ಈ ಮೂರನ್ನೂ ಓದಿದವನಿಗೆ ಆ ಪರೀಕ್ಷೆ ಅರ್ಥವಾಗುತ್ತದೆ. ಓದದವನಿಗೆ ಅದು ಒಂದು ಸಂಖ್ಯೆ ಮಾತ್ರ.

ಇನ್ನೂ ಗಂಭೀರವಾದ ಉದಾಹರಣೆಯೊಂದಿದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ಮೆಥನಾಲ್ ಬೆರೆತಿತ್ತು. ಮೆಥನಾಲ್ ಒಂದು ಆಲ್ಕೋಹಾಲ್. ದೇಹದ ಕಿಣ್ವವೊಂದು ಅದನ್ನು ಫಾರ್ಮಾಲ್ಡಿಹೈಡ್ ಆಗಿ, ಅಲ್ಲಿಂದ ಮುಂದೆ ಫಾರ್ಮಿಕ್ ಆಮ್ಲವಾಗಿ ಪರಿವರ್ತಿಸುತ್ತದೆ. ಕಣ್ಣಿನ ನರವನ್ನು ಸುಡುವುದೂ ಜೀವ ತೆಗೆಯುವುದೂ ಈ ಕೊನೆಯ ಆಮ್ಲವೇ. ಆದ್ದರಿಂದ ವೈದ್ಯರು ಆ ಕಿಣ್ವವನ್ನು ತಡೆಯುವ ಔಷಧವನ್ನು ಕೊಟ್ಟು, ಮೆಥನಾಲ್ ಆಮ್ಲವಾಗುವ ಮೊದಲೇ ದೇಹದಿಂದ ಹೊರಹೋಗುವಂತೆ ನೋಡಿಕೊಳ್ಳುತ್ತಾರೆ. ಆಲ್ಕೋಹಾಲ್, ಆಲ್ಡಿಹೈಡ್, ಕಾರ್ಬಾಕ್ಸಿಲಿಕ್ ಆಮ್ಲ ಎಂಬ ಈ ಸರಣಿ ಎರಡನೇ ಪುಸ್ತಕದ ಅಧ್ಯಾಯಗಳ ಸರಣಿಯೇ ಆಗಿದೆ. ಹೃದಯಾಘಾತವಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ತಯಾರಿಕೆಯ ವಿವರ ಫೀನಾಲ್‌ಗಳ ಪಾಠದಲ್ಲಿ ಸಿಗುತ್ತದೆ. ಎಂಬಿಬಿಎಸ್‌ನ ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರದ ಜೊತೆಗೆ ಮೂರನೆಯ ವಿಷಯವಾಗಿ ಇರುವುದು ಜೀವರಸಾಯನಶಾಸ್ತ್ರ. ಇಂದು ಬಿಟ್ಟದ್ದು ಅಂದು ಅಲ್ಲಿ ಕಾದು ಕುಳಿತಿರುತ್ತದೆ.

ನಮ್ಮ ವೇದಿಕೆಗಳಲ್ಲಿ ಒಂದು ಮಾತನ್ನು ಬಹಳ ಅಭಿಮಾನದಿಂದ ಹೇಳಲಾಗುತ್ತದೆ. ಕೆಮಿಸ್ಟ್ರಿ ಎಂಬ ಪದ ಅರಬಿಯ ಅಲ್-ಕೀಮಿಯಾದ ದಾರಿಯಾಗಿ ಬಂತು, ಆಲ್ಕೋಹಾಲ್ ಎಂಬುದು ಕಣ್ಣಿಗೆ ಹಚ್ಚುವ ಸುರ್ಮಾಕ್ಕೆ ಅರಬರು ಹೇಳುತ್ತಿದ್ದ ಅಲ್-ಕುಹ್ಲ್‌ನಿಂದ ಹುಟ್ಟಿತು ಎನ್ನಲಾಗುತ್ತದೆ. ಎರಡೂ ನಿಜ. ಹತ್ತನೆಯ ಶತಮಾನದ ಆರಂಭದವರೆಗೆ ಬದುಕಿದ್ದ ವೈದ್ಯ ಅಲ್-ರಾಝಿ ಆಸ್ಪತ್ರೆಯನ್ನೂ ನೋಡಿಕೊಂಡರು, ಪದಾರ್ಥಗಳನ್ನು ಖನಿಜ, ಸಸ್ಯ, ಪ್ರಾಣಿಜನ್ಯ ಎಂದು ವಿಂಗಡಿಸಿ ರಸಾಯನದ ಗ್ರಂಥಗಳನ್ನೂ ಬರೆದರು ಎಂಬುದೂ ನಿಜ. ಆದರೆ ಅಲ್-ರಾಝಿಯವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿ ಮನೆಗೆ ಬಂದು, ಮಗಳಿಗೆ ಆಲ್ಕೋಹಾಲ್‌ನ ಪಾಠ ಬಿಟ್ಟುಬಿಡು ಎಂದು ಹೇಳುವುದಾದರೆ ಆ ಅಭಿಮಾನಕ್ಕೆ ಅರ್ಥವೇನು? ಪರಂಪರೆಯನ್ನು ಭಾಷಣದಲ್ಲಿ ಉಳಿಸಿಕೊಳ್ಳಲಾಗದು. ಅದನ್ನು ಓದಿನಲ್ಲಿ ಉಳಿಸಿಕೊಳ್ಳಬೇಕು.

ಸಾವಯವ ಕಷ್ಟ ಎಂಬ ಭಯ ಎಲ್ಲಿಂದ ಬಂತು? ನಮ್ಮ ದೃಷ್ಟಿಯಲ್ಲಿ ಅದಕ್ಕೆ ಎರಡು ಕಾರಣಗಳಿವೆ. ಒಂದು, ಕಲಿಸುವ ಕಾಲ. ಪಠ್ಯದಲ್ಲಿ ಅದು ಕೊನೆಗೆ ಬರುವುದರಿಂದ ವರ್ಷದ ಕೊನೆಗೇ ಉಳಿಯುತ್ತದೆ. ಜೂನ್‌ನಲ್ಲಿ ನಿಧಾನವಾಗಿ ಆರಂಭವಾದ ತರಗತಿಗಳು ಡಿಸೆಂಬರ್-ಜನವರಿಯ ಹೊತ್ತಿಗೆ ಓಡತೊಡಗುತ್ತವೆ. ಎಷ್ಟೋ ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಖಾಯಂ ಉಪನ್ಯಾಸಕರಿಲ್ಲದೆ ಅತಿಥಿ ಉಪನ್ಯಾಸಕರನ್ನೇ ಅವಲಂಬಿಸಬೇಕಾಗಿದ್ದು, ಅವರು ಬಂದು ಸೇರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆ ನಷ್ಟವನ್ನೆಲ್ಲ ಹೊರುವುದು ಕೊನೆಯ ಐದು ಅಧ್ಯಾಯಗಳು. ಮಗುವಿಗೆ ಕಷ್ಟವಾಗಿ ಕಂಡದ್ದು ಅನೇಕ ವೇಳೆ ವಿಷಯವಲ್ಲ, ಅವಸರ.

ಎರಡನೆಯದು, ಕಲಿಯುವ ಕ್ರಮ. ನಾವು ಕಲಾ ವಿಭಾಗದಲ್ಲಿ ಓದಿದವರು. ಪ್ರಯೋಗಾಲಯದ ಮಾತನ್ನು ಅಧಿಕಾರದಿಂದ ಆಡಲಾರೆವು. ಆದರೆ ಮದ್ರಸಾದಲ್ಲಿ ಅರಬಿ ಓದಿದವರಿಗೆ ಸರ್ಫ್ ಎಂಬ ಪದರಚನಾ ಶಾಸ್ತ್ರದ ಪರಿಚಯವಿರುತ್ತದೆ. ಕ-ತ-ಬ ಎಂಬ ಮೂರು ಮೂಲಾಕ್ಷರಗಳನ್ನೂ ಕೆಲವು ಅಚ್ಚುಗಳನ್ನೂ ತಿಳಿದವನಿಗೆ ಕಿತಾಬ್, ಕಾತಿಬ್, ಮಕ್ತೂಬ್, ಮಕ್ತಬ್ ಎಂಬ ಪದಗಳನ್ನು ಬೇರೆ ಬೇರೆಯಾಗಿ ಕಂಠಪಾಠ ಮಾಡುವ ಶ್ರಮವಿಲ್ಲ. ಅಚ್ಚನ್ನು ತಿಳಿಯದೆ ಪದಪಟ್ಟಿಯನ್ನೇ ಉರು ಹೊಡೆದವನಿಗೆ ಅರಬಿ ಎಂದೂ ಮುಗಿಯದ ಸಮುದ್ರ. ಸಾವಯವವನ್ನು ಚೆನ್ನಾಗಿ ಕಲಿಸುವ ಉಪನ್ಯಾಸಕರು ಹೇಳುವುದೂ ಇದನ್ನೇ. ಇಂಗಾಲದ ಸರಪಳಿ ಮೂಲವಾದರೆ ಅದಕ್ಕೆ ಸೇರಿಕೊಳ್ಳುವ ಕ್ರಿಯಾಗುಂಪುಗಳು ಅಚ್ಚುಗಳಿದ್ದಂತೆ. ಇಲೆಕ್ಟ್ರಾನುಗಳು ಎತ್ತ ಸೆಳೆಯಲ್ಪಡುತ್ತವೆ, ಎಲ್ಲಿ ಕೊರತೆಯಿದೆ, ಎಲ್ಲಿ ಹೆಚ್ಚಳವಿದೆ ಎಂಬುದು ತಿಳಿದರೆ ನೂರು ಸಮೀಕರಣಗಳು ಹತ್ತು ತತ್ವಗಳೊಳಗೆ ಬಂದು ಕೂರುತ್ತವೆ. ಆ ತತ್ವಗಳೆಲ್ಲ ಹನ್ನೊಂದನೆಯ ತರಗತಿಯ ಮೂಲತತ್ವಗಳ ಒಂದೇ ಅಧ್ಯಾಯದಲ್ಲಿವೆ. ಅದನ್ನು ಹಾರಿಸಿ ಹನ್ನೆರಡನೆಯ ತರಗತಿಗೆ ಬಂದವನಿಗೆ ಎರಡನೇ ಪುಸ್ತಕ ಬರೀ ಹೆಸರುಗಳ ಪಟ್ಟಿಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಉತ್ತರವೇನು? ಎಲ್ಲರೂ ಎಲ್ಲವನ್ನೂ ಮುಗಿಸಲೇಬೇಕು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಪ್ರಾಮಾಣಿಕ ಉತ್ತರವಲ್ಲ. ಮುಂದೆ ಎಷ್ಟು ಕಾಲವಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಪ್ರಥಮ ಪಿಯುಸಿಯಲ್ಲಿರುವ ಮಗುವಿಗೆ ಮುಗಿಸಬೇಕೇ ಎಂಬ ಪ್ರಶ್ನೆಯೇ ಏಳಬಾರದು. ಮೂಲತತ್ವಗಳ ಅಧ್ಯಾಯವನ್ನು ರಜೆಯಲ್ಲಿ ಮತ್ತೊಮ್ಮೆ ಓದಿ ದ್ವಿತೀಯ ಪಿಯುಸಿಗೆ ಕಾಲಿಟ್ಟರೆ ಅರ್ಧ ಭಾರ ಇಳಿದಂತೆ. ದ್ವಿತೀಯ ಪಿಯುಸಿಯ ಆರಂಭದಲ್ಲಿರುವವರು ತರಗತಿಯಲ್ಲಿ ಎರಡನೇ ಪುಸ್ತಕ ಬರುವವರೆಗೆ ಕಾಯದೆ ವಾರಕ್ಕೆ ಎರಡು ದಿನ ಅದಕ್ಕಾಗಿ ಮೀಸಲಿಡಬೇಕು. ಡಿಸೆಂಬರ್‌ನಲ್ಲಿ ಕಾಲೇಜು ಓಡಿದರೂ ಅವರು ಎಡವುವುದಿಲ್ಲ.

ಪರೀಕ್ಷೆಗೆ ಎರಡು ತಿಂಗಳಿರುವವರು ಮುಗಿಸಬಹುದು, ಆದರೆ ಮುಗಿಸುವುದರ ಅರ್ಥ ಬದಲಾಗಬೇಕು. ಪುಟ ತಿರುವುವುದು ಮುಗಿಸುವುದಲ್ಲ. ಮೂಲತತ್ವಗಳು, ಹೈಡ್ರೋಕಾರ್ಬನ್‌ಗಳು, ನಂತರ ಆಲ್ಕೋಹಾಲ್‌ನಿಂದ ಆಮ್ಲದವರೆಗಿನ ಸರಣಿ, ಕೊನೆಗೆ ಅಮೈನ್‌ಗಳು ಮತ್ತು ಜೈವಿಕ ಅಣುಗಳು. ಈ ಕ್ರಮದಲ್ಲಿ ಪಠ್ಯಪುಸ್ತಕವನ್ನೇ ಹಿಡಿದು, ಪ್ರತಿ ಅಧ್ಯಾಯದ ಪ್ರಶ್ನೆಗಳನ್ನು ತಾನೇ ಬರೆದು ನೋಡಿದರೆ ಸಾಕು. ದಪ್ಪ ಗೈಡುಗಳನ್ನು ಹೊಸದಾಗಿ ಕೊಳ್ಳುವ ಕಾಲ ಅದಲ್ಲ.

ಒಂದೇ ತಿಂಗಳು ಉಳಿದಿದ್ದು ಸಾವಯವವನ್ನು ಮುಟ್ಟಿಯೇ ಇಲ್ಲದವರ ಮಾತು ಬೇರೆ. ಅವರು ಏಳನ್ನೂ ಹಿಡಿಯಲು ಹೋದರೆ ಓದಿಟ್ಟ ಜೀವಶಾಸ್ತ್ರವೂ ಕೈಜಾರುವ ಅಪಾಯವಿದೆ. ಅವರು ಮೂಲತತ್ವಗಳನ್ನೂ ಜೈವಿಕ ಅಣುಗಳನ್ನೂ ಮೊದಲು ಹಿಡಿಯಲಿ. ಸಮಯ ಉಳಿದಂತೆ ಒಂದೊಂದನ್ನೇ ಸೇರಿಸಲಿ. ಕೊನೆಯ ಹತ್ತು ದಿನಗಳಲ್ಲಿ ಹೊಸ ಅಧ್ಯಾಯವನ್ನು ಆರಂಭಿಸದಿರುವುದೇ ಒಳ್ಳೆಯದು. ಅದು ಓದಿದ್ದನ್ನು ತಿರುವಿ ಹಾಕುವ ಕಾಲ. ಇಲ್ಲಿ ಸ್ವಲ್ಪವನ್ನು ಬಿಡುವುದು ಸೋಲಲ್ಲ. ಆದರೆ ಯಾವುದನ್ನು, ಯಾಕೆ ಬಿಟ್ಟೆ ಎಂಬುದು ಮಗುವಿಗೆ ತಿಳಿದಿರಬೇಕು. ಲೆಕ್ಕ ಹಾಕಿ ಬಿಡುವುದಕ್ಕೂ ಹೆದರಿ ಬಿಡುವುದಕ್ಕೂ ಅಜಗಜಾಂತರವಿದೆ.

ಇಲ್ಲಿ ಇನ್ನೊಂದು ಕಹಿ ಸತ್ಯವನ್ನು ಹೇಳದೆ ಮುಂದುವರಿಯುವಂತಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಮಗನಿಗೆ ಸೀಟು ತಪ್ಪಿದರೆ ಲಾಂಗ್ ಟರ್ಮ್ ಕೋಚಿಂಗ್ ಎಂಬ ಎರಡನೇ ವರ್ಷವಿದೆ, ಹಲವರಿಗೆ ಮೂರನೆಯದೂ ಇದೆ. ಮಗಳಿಗೆ ಒಂದೇ ಅವಕಾಶ. ಇನ್ನೊಂದು ವರ್ಷ ಮನೆಯಲ್ಲಿ ಕೂರಿಸಿದರೆ ವಯಸ್ಸಾಗುತ್ತದೆ, ಜನ ಏನೆನ್ನುತ್ತಾರೆ, ಪದವಿ ಕಾಲೇಜಿಗೆ ಸೇರಿಸಿಬಿಡೋಣ ಎಂಬ ತೀರ್ಮಾನ ಪರೀಕ್ಷೆಗೆ ಮೊದಲೇ ಆಗಿರುತ್ತದೆ. ಒಂದೇ ಅವಕಾಶವಿರುವವಳಿಗೆ ಪೂರ್ಣ ಸಿದ್ಧತೆ ಬೇಕಿತ್ತು. ಆದರೆ ಮಗನನ್ನು ದೂರದ ಹಾಸ್ಟೆಲ್‌ಗೆ ಕಳುಹಿಸಿ, ಮಗಳಿಗೆ ಮನೆಗೆಲಸದ ನಡುವೆ ಸಿಕ್ಕಷ್ಟು ಓದು ಎನ್ನುತ್ತೇವೆ. ಅವಳು ಕಷ್ಟದ ಭಾಗವನ್ನು ಬಿಡುವುದು ಅವಳ ಬುದ್ಧಿಯ ಮಿತಿಯಿಂದಲ್ಲ, ಅವಳಿಗೆ ಕೊಟ್ಟ ಗಂಟೆಗಳ ಮಿತಿಯಿಂದ. ಹೆರಿಗೆ ವಾರ್ಡಿಗೆ ನಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ಯುವಾಗ ಮಹಿಳಾ ವೈದ್ಯೆ ಇದ್ದಾರೆಯೇ ಎಂದು ಮೊದಲು ವಿಚಾರಿಸುವವರೂ ನಾವೇ ಅಲ್ಲವೇ? ಆ ವೈದ್ಯೆ ಯಾರದೋ ಮನೆಯ ಮಗಳು. ಅವಳಿಗೆ ಯಾರೋ ಓದಲು ಸಮಯ ಕೊಟ್ಟಿದ್ದರು.

ಸಮುದಾಯದ ಸಂಸ್ಥೆಗಳೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಫಲಿತಾಂಶ ಬಂದ ಮೇಲೆ ಸನ್ಮಾನ ಸಮಾರಂಭಗಳಿಗೆ ಕೊರತೆಯಿಲ್ಲ. ಶಾಲು, ಸ್ಮರಣಿಕೆ, ಛಾಯಾಚಿತ್ರ ಎಲ್ಲವೂ ಇರುತ್ತದೆ. ಸೀಟು ಸಿಕ್ಕ ಮೇಲೆ ಶುಲ್ಕಕ್ಕೆ ನೆರವಾಗುವವರೂ ಇದ್ದಾರೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯೂ ಇದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವೆಲ್ಲವೂ ದಡ ಸೇರಿದವರಿಗೆ ಚಾಚುವ ಕೈಗಳು. ಡಿಸೆಂಬರ್‌ನ ಅವಸರದಲ್ಲಿ ಐದು ಅಧ್ಯಾಯಗಳನ್ನು ಕಳೆದುಕೊಂಡು ನಡುನೀರಿನಲ್ಲಿರುವ ಮಗುವಿಗೆ ಕೈ ಚಾಚುವವರು ಯಾರು? ಪ್ರತಿ ಪಟ್ಟಣದಲ್ಲೂ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರಿದ್ದಾರೆ, ಎಂ.ಎಸ್ಸಿ. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ, ಔಷಧ ವಿಜ್ಞಾನ ಓದುತ್ತಿರುವ ಯುವಕರಿದ್ದಾರೆ. ಮದುವೆಗಳಿಲ್ಲದ ದಿನಗಳಲ್ಲಿ ಬಾಗಿಲು ಹಾಕಿರುವ ಸಮುದಾಯ ಭವನಗಳೂ ಇವೆ. ನವೆಂಬರ್‌ನಿಂದ ಫೆಬ್ರವರಿಯ ವರೆಗೆ ವಾರಕ್ಕೆ ಎರಡು ಸಂಜೆ, ಈ ಏಳು ಅಧ್ಯಾಯಗಳಿಗಾಗಿ ಮಾತ್ರ ಒಂದು ಉಚಿತ ತರಗತಿ ನಡೆಸಲು ಎಷ್ಟು ಖರ್ಚಾದೀತು? ಒಂದು ಸನ್ಮಾನ ಸಮಾರಂಭದ ಊಟದ ಖರ್ಚಿಗಿಂತ ಹೆಚ್ಚಾಗಲಾರದು. ಆ ತರಗತಿಗೆ ಯಾವ ಧರ್ಮದ ಮಗು ಬಂದರೂ ಬಾಗಿಲು ತೆರೆದಿರಲಿ.

ಇದರರ್ಥ ಸರಕಾರದ ಹೊಣೆ ಇಳಿಯಿತು ಎಂದಲ್ಲ. ನೀಟ್ ವ್ಯವಸ್ಥೆಯ ಬಗ್ಗೆಯೇ ಗಂಭೀರ ಪ್ರಶ್ನೆಗಳಿವೆ. 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಪ್ರಕರಣ ಸುಪ್ರೀಂ ಕೋರ್ಟ್‌ನ ಮೆಟ್ಟಿಲೇರಿದ್ದನ್ನು ದೇಶ ನೋಡಿದೆ. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ತಮಿಳುನಾಡು 2020ರಲ್ಲಿ ಸರಕಾರಿ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಒಳಮೀಸಲಾತಿ ನೀಡುವ ಕಾನೂನು ತಂದಿತು. ನಿರ್ಣಯಗಳಾಚೆಗೆ ಇಂತಹ ಕ್ರಮವೊಂದನ್ನು ಇಲ್ಲಿಯೂ ಯೋಚಿಸಬಾರದೇಕೆ ಎಂದು ನಾವು ಕೇಳಬೇಕು. ಜೂನ್ ತಿಂಗಳಲ್ಲೇ ಪ್ರತಿ ಸರಕಾರಿ ಕಾಲೇಜಿನಲ್ಲೂ ರಸಾಯನಶಾಸ್ತ್ರದ ಉಪನ್ಯಾಸಕರು ಇರಬೇಕೆಂದು ಒತ್ತಾಯಿಸುವುದು ಯಾವುದೇ ದೊಡ್ಡ ರಾಜಕೀಯ ಬೇಡಿಕೆಗಿಂತ ಕಡಿಮೆಯದಲ್ಲ. ನಮ್ಮ ಜನಪ್ರತಿನಿಧಿಗಳನ್ನು ಮದುವೆ ಮನೆಯಲ್ಲಿ ಕಂಡಾಗ ಕುಶಲ ವಿಚಾರಿಸುವ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬಹುದು.

ಆದರೆ ವ್ಯವಸ್ಥೆ ಸರಿಹೋಗುವವರೆಗೆ ಮಗುವಿನ ಹದಿನೇಳನೆಯ ವಯಸ್ಸು ಕಾಯುವುದಿಲ್ಲ. ಪರೀಕ್ಷೆ ಅನ್ಯಾಯದ್ದೆಂದು ವಾದಿಸುತ್ತಲೇ ಪರೀಕ್ಷೆಗೆ ಸಿದ್ಧರಾಗಬೇಕಾದ ಸ್ಥಿತಿ ನಮ್ಮದು. ಎರಡನ್ನೂ ಒಟ್ಟಿಗೆ ಮಾಡುವುದರಲ್ಲಿ ವಿರೋಧಾಭಾಸವಿಲ್ಲ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಆರ್ಗ್ಯಾನಿಕ್ ಕೆಮಿಸ್ಟ್ರಿ ಬಿಟ್ಟುಬಿಡಲೇ ಎಂದು ಮಗು ಕೇಳಿದಾಗ, ಹೌದು ಅಥವಾ ಇಲ್ಲ ಎಂದು ಒಮ್ಮೆಲೇ ಹೇಳಬೇಡಿ. ಎಷ್ಟು ದಿನ ಉಳಿದಿದೆ, ಯಾವ ಅಧ್ಯಾಯ ಅರ್ಥವಾಗಿದೆ, ಯಾವುದು ಅರ್ಥವಾಗಿಲ್ಲ, ಯಾರಲ್ಲಿ ಕೇಳಿದರೆ ಅರ್ಥವಾದೀತು ಎಂದು ಪಕ್ಕದಲ್ಲಿ ಕುಳಿತು ವಿಚಾರಿಸಿ. ನಿಮಗೆ ರಸಾಯನಶಾಸ್ತ್ರ ತಿಳಿಯದಿರಬಹುದು, ಮಗುವಿನ ಮುಖ ತಿಳಿಯುತ್ತದೆ. ಅದು ಲೆಕ್ಕ ಹಾಕಿ ಕೇಳುತ್ತಿದೆಯೇ, ಹೆದರಿ ಕೇಳುತ್ತಿದೆಯೇ ಎಂಬುದನ್ನು ಗುರುತಿಸಬಲ್ಲವರು ನೀವು ಮಾತ್ರ. ಲೆಕ್ಕವಾಗಿದ್ದರೆ ಅದರ ತೀರ್ಮಾನವನ್ನು ಗೌರವಿಸಿ. ಭಯವಾಗಿದ್ದರೆ ಎರಡನೇ ಪುಸ್ತಕವನ್ನು ಅದರ ಮುಂದಿಟ್ಟು, ಮೊದಲ ಪುಟ ತೆರೆಯುವವರೆಗೆ ಜೊತೆಯಲ್ಲಿರಿ.